ಹುಲಿಗೆಮ್ಮನ ಹೆಸರಿರುವ ಪತ್ರ

ಸಿಂಧನೂರಿನಲ್ಲಿ ಬೆಳಿಗ್ಗೆ ಏಳರ ಬಸ್ಸು ಹಿಡಿದೆವು. ಆಧಾರ್ ಕಾರ್ಡು ತೋರಿಸಿದ ಅವ್ವನಿಗೆ ಶೂನ್ಯ ಟಿಕೆಟ್ಟು, ನನಗೆ ಪೂರ್ತಿ ಟಿಕೆಟ್ಟು. ಗಂಡಸಾಗಿ ಹುಟ್ಟಿದ್ದಕ್ಕೆ ಅನುಭವಿಸು ಎಂದು ನಕ್ಕು ಅವ್ವ ಕಿಟಕಿ ಪಕ್ಕದ ಸೀಟು ಹಿಡಿದಳು. ಎಂಬತ್ತು ದಾಟಿದ ಈ ನಿವೃತ್ತ ಟೀಚರು ಒಂದು ಪತ್ರ ನೋಡಲು ಹೊರಟಿದ್ದಳು.

ಅವ್ವನ ಅಪ್ಪ ಒಮ್ಮೆ ಒಬ್ಬ ರಾಷ್ಟ್ರನಾಯಕರಿಗೆ ಪತ್ರ ಬರೆಸಿದ್ದನಂತೆ. ತನ್ನ ಗಂಡುಮಕ್ಕಳನ್ನು ಶಾಲೆಯ ಒಳಗೆ ಕೂರಿಸುತ್ತಿಲ್ಲ ಎಂದು ದೂರಿ, ಮನೆಮಂದಿಯ ಹೆಸರನ್ನೆಲ್ಲ ಸೇರಿಸಿದ್ದನಂತೆ. ಆ ನಾಯಕರು ಸ್ವಂತ ಕೈಯಿಂದ ಇಂಗ್ಲಿಷಿನಲ್ಲಿ ಉತ್ತರ ಬರೆದು, ಮಗಳು ಹುಲಿಗೆಮ್ಮನನ್ನೂ ಶಾಲೆಗೆ ಹಾಕಿದ್ದೀರಾ ಎಂದು ಕೇಳಿದರಂತೆ. ಹುಲಿಗೆಮ್ಮ ಎಂದರೆ ನಮ್ಮವ್ವ. ನಾಯಕರ ಹೆಸರು ಬರೆಯಬೇಡ ಎಂದು ಮನೆಯವರು ಹೇಳಿದ್ದಾರೆ, ಬರೆಯುವುದಿಲ್ಲ.

ಪತ್ರ ಅವ್ವನ ಅಣ್ಣನ ಪಾಲಾಗಿ ಮಸ್ಕಿಗೆ ಹೋಯಿತು. ಏಳು ವರ್ಷದವಳಿದ್ದಾಗ ಯಾರೋ ಓದಿ ಹೇಳಿದ್ದಷ್ಟೇ ಅವ್ವನ ನೆನಪು. ಅಷ್ಟನ್ನೇ ನಂಬಿ ನೌಕರಿಯುದ್ದಕ್ಕೂ ಶಾಲೆಯ ಮಕ್ಕಳಿಗೆ ಆ ಕತೆ ಹೇಳಿದಳು. ಜೊತೆಯ ಮೇಷ್ಟ್ರುಗಳು ಮುಸಿಮುಸಿ ನಗುತ್ತಿದ್ದರು. ಹೋಗಿ ನೋಡಿ ಬರೋಣ ಎಂದು ನಾನು ಹೇಳಿದಾಗಲೆಲ್ಲ ಮಾತು ಹಾರಿಸುತ್ತಿದ್ದವಳು ಹೋದ ವಾರ ಬಾಯಿಬಿಟ್ಟಳು.

"ಅದರಾಗ ನನ್ನ ಹೆಸರು ಇರಲಿಲ್ಲಂದ್ರ? ಅಷ್ಟು ಮಕ್ಕಳಿಗೆ ಸುಳ್ಳು ಹೇಳಿದಂಗ ಆಗ್ತೈತಲ್ಲೋ."

ಕಾಲುವೆಯ ಮೇಲೆ, ಗದ್ದೆಗಳ ಮೇಲೆ ಇಬ್ಬನಿ ಇನ್ನೂ ಕರಗಿರಲಿಲ್ಲ. ಬೆಳ್ಳಕ್ಕಿಗಳು ಕಂಡಂತೆ ಮಾಡಿ ಮಾಯವಾಗುತ್ತಿದ್ದವು. ಅವ್ವ ಅರೆನಿದ್ದೆಯಲ್ಲಿ ಯಾರದೋ ಹಾಜರಿ ಕೂಗುತ್ತಿದ್ದಳು. ನನಗೂ ಕಣ್ಣು ಎಳೆಯುತ್ತಿತ್ತು. ಬಸ್ಸು ಎಷ್ಟು ಹೊತ್ತಿನಿಂದ ಹೋಗುತ್ತಿದೆ, ಯಾವ ಕಾಲದೊಳಗೆ ಹೋಗುತ್ತಿದೆ ಎಂಬುದೇ ಮರೆತಂತಾಗಿತ್ತು. ಕಂಡಕ್ಟರು ಮಸ್ಕಿ ಎಂದು ಕೂಗಿದಾಗ ಇಬ್ಬರೂ ಬೆಚ್ಚಿಬಿದ್ದೆವು.

ಮಸ್ಕಿ ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿಯ ಸುಸಲಾ, ಮಿರ್ಚಿ ಬಜ್ಜಿ ತಿಂದೆವು. ಹಿಂದೆ ಮಕ್ಕಳನ್ನು ಇಲ್ಲಿನ ಗುಡ್ಡಕ್ಕೆ ಕರೆತಂದು, ಬಂಡೆಯ ಮೇಲೆ ಕೆತ್ತಿದ ಹಳೆಯ ಅರಸನ ಶಾಸನ ತೋರಿಸುತ್ತಿದ್ದುದನ್ನು ಅವ್ವ ಹೇಳಿದಳು. ಆಗಲೂ ಅಣ್ಣನ ಓಣಿಗೆ ಕಾಲಿಟ್ಟಿರಲಿಲ್ಲವಂತೆ. ಇಂಥ ಧೈರ್ಯವಂತೆಗೆ ಇದೆಂಥ ಅಂಜಿಕೆಯೋ, ನನಗೆ ಅಯ್ಯೋ ಅನಿಸಿತು.

ಸೋದರಮಾವ ತೀರಿಕೊಂಡ ಮೇಲೆ ಮನೆಯಲ್ಲಿ ಅವನ ಮಗ ದುರುಗಪ್ಪ ಇದ್ದಾನೆ. ಅಂದು ಅವನ ಹೆಂಡತಿ ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಲಿಂಗಸುಗೂರಿನಲ್ಲಿ ಮಗಳ ಕೂಸಿಗೆ ಹೆಸರಿಡುವ ದಿನವಂತೆ. ಗಂಡ ಪತ್ರ ತಗೊಂಡು ನಿನ್ನೆಯೇ ಹೋಗಿದ್ದಾನಂತೆ. ಮಾವನ ವಂಶದಲ್ಲಿ ಯಾವ ಕೂಸಿಗೆ ಹೆಸರಿಟ್ಟರೂ ತೊಟ್ಟಿಲ ಪಕ್ಕ ಆ ಪತ್ರ ಇಡುತ್ತಾರೆ, ಬಂದವರೆಲ್ಲ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಾಗಿದ್ದೇ ಆಗ. ಅವ್ವ ತಿರುಗಿ ಸಿಂಧನೂರಿಗೆ ಹೋಗೋಣ ಎಂದಳು. ಸೊಸೆ ಬಿಡಲಿಲ್ಲ, ಕೈ ಹಿಡಿದು ಬಸ್ಸು ಹತ್ತಿಸಿದಳು.

ಮಸ್ಕಿ ದಾಟಿದ ಮೇಲೆ ಗದ್ದೆ ಮುಗಿದು ಜೋಳದ ಹೊಲ ಶುರುವಾಯಿತು. ಬಿಸಿಲು ಚುರುಗುಟ್ಟುತ್ತಿತ್ತು. ಲಿಂಗಸುಗೂರು ಮುಟ್ಟಿದೆವು.

ಅಲ್ಲಿ ನಡುಮನೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ತೊಟ್ಟಿಲ ಪಕ್ಕದ ಸ್ಟೂಲಿನ ಮೇಲೆ, ಬಿಳಿ ವಸ್ತ್ರದ ಮೇಲೆ, ಚಹಾ ಬಣ್ಣದ ಒಂದೇ ಹಾಳೆ. ದುರುಗಪ್ಪ ಸೋದರತ್ತೆಯ ಕಾಲಿಗೆರಗಿ, ಸಂಕಟದಿಂದ ಹಾಳೆಯ ಕೆಳಗೆ ತೋರಿಸಿದ. ಇಷ್ಟು ವರ್ಷ ಎಲ್ಲರೂ ನಾಯಕರ ಸಹಿಯನ್ನೇ ಮುಟ್ಟಿ ಮುಟ್ಟಿ, ಸಹಿ ಇದ್ದ ಜಾಗದಲ್ಲಿ ಬೆರಳಿನ ಜಿಡ್ಡಿನ ಕಲೆಯೊಂದೇ ಉಳಿದಿತ್ತು. ಯಾರಿಗೆ ತೋರಿಸಿದರೂ ಇದು ಅವರದೇ ಎಂಬುದಕ್ಕೆ ಏನು ಪುರಾವೆ ಎನ್ನುತ್ತಾರಂತೆ.

ಅವ್ವನ ಕಿವಿಗೆ ಅದು ಬೀಳಲೇ ಇಲ್ಲ. ಕನ್ನಡಕ ಏರಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಾಳೆಯ ಮೇಲೆ ಬಗ್ಗಿದಳು. ಮೊದಲ ಸಾಲು, ಎರಡನೆಯದು, ಮೂರನೆಯದು. ನಾಲ್ಕನೆಯ ಸಾಲಿನಲ್ಲಿ ಆಕೆ ನಿಂತಳು. ಒಂದನೆಯ ತರಗತಿಯ ಮಕ್ಕಳ ಹಾಗೆ ಒಂದೊಂದೇ ಅಕ್ಷರ ಬಾಯಿಬಿಟ್ಟು ಓದಿದಳು. ಎಚ್, ಯು, ಎಲ್, ಐ... ಕೊನೆಯ ಅಕ್ಷರದವರೆಗೂ ಹೆಸರು ಪೂರ್ತಿ ಇತ್ತು. ಯಾರೂ ಆ ಸಾಲನ್ನು ಮುಟ್ಟಿದ್ದಿಲ್ಲವಾದ್ದರಿಂದ ನಿನ್ನೆ ಬರೆದಂತಿತ್ತು.

ಆಮೇಲೆ ದುರುಗಪ್ಪನ ಕಡೆ ತಿರುಗಿದಳು.

"ಸಹಿ ಹೋದ್ರ ಹೋಗವಲ್ದ್ಯಾಕ. ಪುರಾವೆ ಕೇಳಿದವ್ರನ್ನ ನನ್ನ ಹತ್ರ ಕಳಸು. ಇದು ಬಂದಿದ್ದಕ್ಕ ನಾ ಸಾಲಿ ಕಲ್ತೀನಿ."

ಊಟಕ್ಕೆ ಹೋಳಿಗೆ, ಮೇಲೆ ಧಾರಾಳ ತುಪ್ಪ. ಅವ್ವ ಎರಡು ತಿಂದಳು. ನಾಲ್ಕರ ಬಸ್ಸಿಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ನಾನು ಒಳಗೆ ಒಮ್ಮೆ ನೋಡಿದೆ. ಪತ್ರದಲ್ಲಿ ಅವ್ವನ ಹೆಸರಿರುವ ಸುದ್ದಿ ಮನೆ ತುಂಬ ಹಬ್ಬಿ, ಹೆಂಗಸರು ಹೊಸದಾಗಿ ಸಾಲು ನಿಂತಿದ್ದರು. ಮುಂದಿದ್ದ ಕಾಲೇಜು ಓದುವ ಹುಡುಗಿ ನಾಲ್ಕನೆಯ ಸಾಲಿಗೆ ಭಕ್ತಿಯಿಂದ ಬೆರಳು ಚಾಚಿದ್ದಳು.

ಅವ್ವನೂ ನೋಡಿದಳು. ಹೊಸ್ತಿಲಿಂದಲೇ, ಶಾಲೆಯ ಧ್ವನಿಯಲ್ಲಿ ಹೇಳಿದಳು:

"ಮುಟ್ಟಬ್ಯಾಡವಾ, ಓದು."

ಹುಡುಗಿ ಕೈ ಹಿಂದೆ ಕಟ್ಟಿಕೊಂಡು ಬಗ್ಗಿದಳು.