ಸುರಂಗದಕ್ಕ ಮುಚ್ಚಿದ ಹಳೆಯ ಬಾಗಿಲು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ನೀರು ಸರಬರಾಜು ಕಚೇರಿಯ ಹಿಂದಿನ ಕೋಣೆಯಲ್ಲಿ ನಲವತ್ತು ದಾಟಿದ ಹೆಂಗಸೊಬ್ಬರು ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಾರೆ. ಮೊದಲು ಇದು ಪೈಪಿನ ತುಂಡು, ನಲ್ಲಿಯ ವಾಷರ್ ತುಂಬಿಡುತ್ತಿದ್ದ ಉಗ್ರಾಣ. ರಬ್ಬರಿನ ವಾಸನೆ ಈಗಲೂ ಹೋಗಿಲ್ಲ. ಎದುರಿನ ಪರದೆಯಲ್ಲಿ ಇಪ್ಪತ್ತಮೂರು ಸಾಲು, ಸಾಲಿಗೊಂದು ಪಂಪ್‌ಮನೆ. ಎಲ್ಲವೂ ಹಸಿರಾಗಿವೆ, ಆದರೂ ಅವರ ಕಣ್ಣು ಕೊನೆಯ ಸಾಲನ್ನು ಬಿಟ್ಟು ಕದಲುತ್ತಿಲ್ಲ. ಅದು ಗುಡ್ಡದ ಮೇಲಿನ ಪಂಪ್‌ಮನೆ. ಅಲ್ಲಿನ ಆಪರೇಟರ್ ಫೋನಿನಲ್ಲಿದ್ದಾನೆ. ಆತ ಬೇರೆ ಯಾರೂ ಅಲ್ಲ, ಇವರ ಸ್ವಂತ ಅಣ್ಣ.

"ಕರೆಂಟ್ ತೆಗೀಲಾ?"

"ತೆಗಿ. ಮೇನ್ ಸ್ವಿಚ್ಚೇ ತೆಗಿ."

"ನೀರು ಬರದಿದ್ರೆ ಜನ ಜಗಳಕ್ಕೆ ಬರೋದು ನನ್ನ ಹತ್ರ, ನಿನ್ನ ಹತ್ರ ಅಲ್ಲ."

"ಗೊತ್ತಣ್ಣ. ತೆಗಿ."

ಪಂಪ್ ಆಪರೇಟರುಗಳ ಬಾಯಲ್ಲಿ ಇವರು ಸುರಂಗದಕ್ಕ. ತೊಟ್ಟಿಯಲ್ಲಿ ನೀರೆಷ್ಟಿದೆ ಎಂಬ ಸುದ್ದಿಯೂ ಮೋಟಾರು ಶುರು ಮಾಡು ಎಂಬ ಆಜ್ಞೆಯೂ ಲೋಕವೆಲ್ಲ ಬಳಸುವ ಇಂಟರ್‌ನೆಟ್ಟಿನಲ್ಲೇ ಓಡಾಡಬೇಕು. ದಾರಿಯಲ್ಲಿ ಯಾರೂ ಅದನ್ನು ಓದದಂತೆ, ತಿದ್ದದಂತೆ ಗುಟ್ಟಾಗಿ ಸಾಗಿಸುವ ಏರ್ಪಾಡೇ ವಿಪಿಎನ್. ಆಪರೇಟರುಗಳಿಗೆ ಅದು ಸುರಂಗ. ಅದು ಕೆಲಸ ಮಾಡುವಷ್ಟು ದಿನ ಸುರಂಗದಕ್ಕ ಎಂಬೊಬ್ಬರು ಇದ್ದಾರೆಂಬುದು ಯಾರ ನೆನಪಿಗೂ ಬರುವುದಿಲ್ಲ.

ಇವರು ಕೆಲಸಕ್ಕೆ ಸೇರಿದಾಗ ಇಲ್ಲಿದ್ದದ್ದು ಪಿಪಿಟಿಪಿ ಎಂಬ ಹಳೆಯ ಸುರಂಗ, ಕಳೆದ ಶತಮಾನದ ಕೊನೆಯದು. ಅದನ್ನು ಬಯ್ಯಲು ಇವರಿಗೆ ಮನಸ್ಸು ಬರುವುದಿಲ್ಲ. "ಪಾಪ, ಅದರ ಕಾಲಕ್ಕೆ ಅದು ಸರೀನೇ. ಆದ್ರೆ ಒಳಗೆ ಬಿಡೋ ಮೊದಲು ಪಾಸ್‌ವರ್ಡ್ ವಿಚಾರಿಸೋ ಮಾತುಕತೆ ಇದೆಯಲ್ಲ, ಅದನ್ನ ದಾರೀಲಿ ಯಾರಾದ್ರೂ ನಕಲು ಮಾಡ್ಕೊಂಡ್ರೆ ಮುಗೀತು ಕಥೆ. ಬಾಡಿಗೆ ಕಂಪ್ಯೂಟರ್ ಇಟ್ಕೊಂಡು ಒಂದೆರಡು ದಿನದಲ್ಲಿ ಬಿಡಿಸ್ತಾರೆ. ಹಿಂದೆ ಕದ್ದಿಟ್ಟ ಮಾತೆಲ್ಲ ಆಗ ಬಿಚ್ಕೊಳ್ಳುತ್ತೆ."

ಹೊಸದು ವೈರ್‌ಗಾರ್ಡ್. ಅದರಲ್ಲಿ ಪಾಸ್‌ವರ್ಡಿನ ಗೊಡವೆಯಿಲ್ಲ, ಪಂಪ್‌ಮನೆಯಲ್ಲಿ ಸುರಂಗದ ಆ ತುದಿಗೆ ಕೂತ ಪ್ರತಿ ಪೆಟ್ಟಿಗೆಗೂ ಅದರದೇ ಕೀಲಿಕೈ. ಮಾತು ನಡೆಯುತ್ತಿರುವಾಗಲೇ ಎರಡು ನಿಮಿಷಕ್ಕೊಮ್ಮೆ ಒಳಬೀಗ ಬದಲಾಗುತ್ತದೆ, ಇವತ್ತು ಕೀಲಿ ಕದ್ದವನಿಗೆ ನಿನ್ನೆಯ ಮಾತು ದಕ್ಕುವುದಿಲ್ಲ. ಇವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದರ ಬಿಗುಮಾನ. "ಹಳೇದು ಬಾಗಿಲು ತಟ್ಟಿದವರಿಗೆಲ್ಲ ಯಾರು ಅಂತ ಕೇಳುತ್ತೆ. ಅಲ್ಲಿಗೆ ಒಳಗೆ ಜನ ಇದ್ದಾರೆ ಅಂತ ಗೊತ್ತಾಯ್ತಲ್ಲ? ಹೊಸದು ಗುರುತಿಲ್ಲದವರಿಗೆ ಕಮಕ್ ಕಿಮಕ್ ಅನ್ನಲ್ಲ."

ಆ ಬಿಗುಮಾನವೇ ಇವರನ್ನು ಪೇಚಿಗೆ ಸಿಕ್ಕಿಸಿದೆ. ಇಪ್ಪತ್ತೆರಡು ಪಂಪ್‌ಮನೆಗಳು ತಕರಾರಿಲ್ಲದೆ ಹೊಸದಕ್ಕೆ ಹೊಂದಿಕೊಂಡವು. ಅಣ್ಣನದು ಮಾತ್ರ ಒಂದು ವಾರ ನೆಟ್ಟಗಿದ್ದು, ಕರೆಂಟ್ ಹೋಗಿ ಬಂದದ್ದೇ ತಡ, ಮೂಕವಾಯಿತು. ಹಳೆಯದಾದರೆ ಏನಾದರೊಂದು ಗೊಣಗುತ್ತಿತ್ತು. ಇದು ಸತ್ತಿದೆಯೋ ಮುನಿಸಿಕೊಂಡಿದೆಯೋ ತಿಳಿಯುವಂತಿಲ್ಲ. ಅಣ್ಣ ಬೈಕ್ ಹತ್ತಿ ತೊಟ್ಟಿಗೆ ಹೋಗಿ ನೀರು ಇಣುಕಿ ನೋಡಿ ಬರಬೇಕಾಯಿತು. ಸಾಲದ್ದಕ್ಕೆ, ಮೊಬೈಲ್ ಚಾರ್ಜ್ ಮಾಡಲು ನೀನೇ ಪ್ಲಗ್ ಕಿತ್ತಿದ್ದೀಯ ಎಂದು ತಂಗಿಯ ಬೈಗುಳ ಬೇರೆ. ಆತ ಮಾತು ಬಿಟ್ಟ. ಅಷ್ಟು ದಿನ ಇಬ್ಬರ ನಡುವೆ ಅಮ್ಮನೇ ಸುರಂಗ.

ಕಚೇರಿಯ ದೊಡ್ಡ ಸಾಹೇಬರು ಗುಡ್ಡದ ಪಂಪ್‌ಮನೆಗೆ ಮತ್ತೆ ಹಳೆಯದನ್ನೇ ಹಾಕಿಸಿದರು. ಆ ಒಂದಕ್ಕೋಸ್ಕರ ತೆರೆದಿಟ್ಟ ಹಳೆಯ ಬಾಗಿಲಿಂದ ನುಗ್ಗಿದವನು ಇಪ್ಪತ್ತಮೂರು ಮೋಟಾರನ್ನೂ ನಿಲ್ಲಿಸಬಲ್ಲ. ಅದನ್ನೇ ಇವರು ವಿವರಿಸಿದಾಗ ಸಾಹೇಬರು ಹೇಳಿದ್ದೂ ತಪ್ಪಲ್ಲ: "ಇನ್ನೊಂದೇ ಸಲ ನೋಡೋಣ. ಮತ್ತೆ ಮಾತು ನಿಂತ್ರೆ ಎಲ್ಲದಕ್ಕೂ ಹಳೇದೇ. ಮೊದಲು ಜನಕ್ಕೆ ನೀರು, ಆಮೇಲೆ ಬೀಗ."

ಇವರಿಗೆ ಹೆದರಿಕೆಗಿಂತ ಕುತೂಹಲವೇ ಜಾಸ್ತಿ. ಕರೆಂಟ್ ಹೋದಾಗಲೇ ಯಾಕೆ? ಅಣ್ಣನಲ್ಲಿರುವಂಥದ್ದೇ ಪೆಟ್ಟಿಗೆಯೊಂದನ್ನು ಮನೆಗೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಪ್ಲಗ್ ಕೀಳುವುದು, ಹಾಕುವುದು, ಮತ್ತೆ ಕೀಳುವುದು. "ಇದು ಬೆಂದ ಮೇಲಾದ್ರೂ ಅನ್ನಕ್ಕೆ ಇಡ್ತೀಯಾ?" ಎಂದು ಗಂಡ ಕೇಳಿದ್ದೂ ಆಯಿತು. ಕೊನೆಗೆ ಕಣ್ಣಿಗೆ ಬಿದ್ದದ್ದು ಅದರ ಗಡಿಯಾರ. ಪಂಪ್‌ಮನೆಗಳ ಪೈಕಿ ಗುಡ್ಡದಲ್ಲಿ ಮಾತ್ರ ಇರುವ ಆ ಹಳೇ ಮಾದರಿಯ ಪೆಟ್ಟಿಗೆಯ ಗಡಿಯಾರಕ್ಕೆ ಬ್ಯಾಟರಿಯೇ ಇಲ್ಲ. ಕರೆಂಟ್ ಹೋಗಿ ಬಂದರೆ ಅದು ತಾನು ತಯಾರಾದ ವರ್ಷಕ್ಕೇ ಎಚ್ಚರಗೊಳ್ಳುತ್ತದೆ.

"ಒಬ್ಬರು ಹಿಂದೆ ಬಾಗಿಲು ತಟ್ಟಿದ್ದನ್ನ ಕಳ್ಳ ನಕಲು ಮಾಡಿ ಮತ್ತೆ ತಟ್ಟಬಾರದಲ್ಲ. ಅದಕ್ಕೆ ಹೊಸದು ಪ್ರತಿ ಸಲ ಗಂಟೆ ನೋಡುತ್ತೆ. ಹಿಂದಿನದಕ್ಕಿಂತ ಮುಂದಿನ ಹೊತ್ತು ಇದ್ರೆ ಮಾತ್ರ ಒಳಗೆ. ನಮ್ಮಣ್ಣನ ಪೆಟ್ಟಿಗೆ ಹಳೇ ತಾರೀಕು ಹೇಳ್ಕೊಂಡು ಬಂತು, ಕಳ್ಳ ಅಂತ ಹೊರಗೇ ನಿಲ್ಲಿಸ್ತು," ಎಂದು ಅವರು ನಗುತ್ತಾರೆ. ಸರಿಯಾದ ಸಮಯ ಕೇಳಿಕೊಳ್ಳೋಣವೆಂದರೆ ಅದಕ್ಕೂ ಸುರಂಗದೊಳಗಿಂದಲೇ ಹೋಗಬೇಕಿತ್ತು. ಈಗ ಪೆಟ್ಟಿಗೆ ಎದ್ದ ತಕ್ಷಣ ಮೊಬೈಲ್ ಟವರಿನಿಂದ ಸಮಯ ತಿಳಿದುಕೊಂಡು, ಆಮೇಲಷ್ಟೇ ಬಾಗಿಲು ತಟ್ಟುವಂತೆ ಮಾಡಿದ್ದಾರೆ. ಅಂದು ಸಂಜೆಯೇ ಅಣ್ಣನಿಗೆ ಫೋನು: "ಪ್ಲಗ್ ನೀನು ಕಿತ್ತಿರಲಿಲ್ಲ. ತಪ್ಪು ನಂದು." ಆ ಕಡೆಯಿಂದ ಬಂದ ಉತ್ತರ: "ಅದನ್ನೇ ತಾನೇ ನಾನು ಆವತ್ತಿಂದ ಬಡ್ಕೊಂಡಿದ್ದು."

ಆ ತಿದ್ದುಪಡಿಯ ಪರೀಕ್ಷೆ ಇವತ್ತು. ಹಳೆಯ ಬಾಗಿಲಿಗೆ ಆಗಲೇ ಅಗುಳಿ ಬಿದ್ದಿದೆ. ಅಣ್ಣ ಕರೆಂಟ್ ತೆಗೆಯುತ್ತಾನೆ, ಕೊನೆಯ ಸಾಲು ಕೆಂಪಾಗುತ್ತದೆ. ಮತ್ತೆ ಹಾಕುತ್ತಾನೆ. ಕೆಂಪು ಹಾಗೇ ಇದೆ. ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತ ಸಾಹೇಬರು ಕುಡಿಯುವುದನ್ನು ಮರೆತಿದ್ದಾರೆ. ಅಣ್ಣನೂ ತಮಾಷೆ ಮಾಡುತ್ತಿಲ್ಲ. ಸುರಂಗದಕ್ಕ ಮಡಚಿದ ಕಾಲು ಕೆಳಗಿಳಿಸಿ ಪರದೆಯತ್ತ ಬಾಗುತ್ತಾರೆ. ಆಮೇಲೆ ಸಾಲು ಹಸಿರಾಗುತ್ತದೆ, ಪಕ್ಕದಲ್ಲಿ ನೀರಿನ ಮಟ್ಟವೂ ಮೂಡುತ್ತದೆ.

"ಬಂತಾ?"

"ಬಂತಣ್ಣ. ಮುಕ್ಕಾಲು ತೊಟ್ಟಿ."

"ಇಲ್ಲೂ ಮುಕ್ಕಾಲೇ ತೋರಿಸ್ತಿದೆ. ಮೋಟಾರ್ ಹಾಕು ಮತ್ತೆ, ಜನ ಏಳೋ ಹೊತ್ತಾಯ್ತು."

"ಹಳೇದನ್ನ ಅಳಿಸಿಬಿಡಿ," ಎಂದು ಸಾಹೇಬರು ಲೋಟಕ್ಕೆ ಬಾಯಿ ಹಚ್ಚುತ್ತಾರೆ.

ಅಳಿಸಿದ ಮೇಲೂ ಇವರು ಏಳುವುದಿಲ್ಲ. ಕಚೇರಿಯ ಸಂಪರ್ಕ ಬಿಟ್ಟು ತಮ್ಮದೇ ಮೊಬೈಲಿನಿಂದ, ಯಾರೋ ದಾರಿಹೋಕರಂತೆ, ಮೊದಲು ಹಳೆಯ ಬಾಗಿಲು ತಟ್ಟುತ್ತಾರೆ, ಆಮೇಲೆ ಹೊಸದನ್ನು. ಎರಡು ಕಡೆಯಿಂದಲೂ ಉತ್ತರವಿಲ್ಲ.

"ಒಂದು ಸತ್ತಿದೆ, ಇನ್ನೊಂದು ಕೆಲಸದಲ್ಲಿದೆ," ಎನ್ನುತ್ತಾರೆ. "ಯಾವುದು ಯಾವುದು ಅಂತ ಹೊರಗೆ ನಿಂತವರಿಗೆ ಗೊತ್ತಾಗಲ್ಲ. ನನಗೆ ಅಷ್ಟಾದ್ರೆ ಸಾಕು."