ಅವರು ಬಾವಿಯೊಳಗಿದ್ದಾಗ ನೆಲ ನಡುಗಿತು

ಎರಡು ವರ್ಷಗಳ ಹಿಂದಿನ ಮಾರ್ಚ್ ತಿಂಗಳು. ವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ನಾನು ಬೆಳ್ತಂಗಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಆ ವಾರವಷ್ಟೇ ಎಂಟನೇ ತರಗತಿಗೆ ಭೂಮಿಯ ರಚನೆಯ ಪಾಠವನ್ನು ಇನ್ನೊಮ್ಮೆ ಹೇಳಿ ಮುಗಿಸಿದ್ದೆ. ಭೂಕವಚ ಒಂದೇ ತುಂಡಲ್ಲ, ಫಲಕಗಳಾಗಿ ಒಡೆದಿದೆ, ನಾವಿರುವ ಫಲಕ ಉತ್ತರಕ್ಕೆ ಸರಿಯುತ್ತ ಹಿಮಾಲಯವನ್ನು ಒತ್ತುತ್ತಲೇ ಇದೆ ಎಂದು ಬೋರ್ಡಿನಲ್ಲಿ ಚಿತ್ರ ಬರೆದು ತೋರಿಸಿದ್ದೆ. ಕೊಡಗಿನ ಗಡಿಯಲ್ಲಿ ಒಮ್ಮೆ ನೆಲ ಅಲುಗಿದ ಸುದ್ದಿ ಪೇಪರಿನಲ್ಲಿ ಓದಿದ್ದು ಬಿಟ್ಟರೆ, ಭೂಕಂಪ ಅಂದರೆ ನನಗೂ ಅದು ಪುಸ್ತಕದ ವಿಷಯವೇ.

ಭಾನುವಾರ ಬೆಳಿಗ್ಗೆ ಲಾಯಿಲದ ನಮ್ಮ ಮನೆಯಲ್ಲಿ ಪಂಪು ನೀರೆತ್ತಲಿಲ್ಲ. ಪೈಪಿನ ತುದಿಗೆ ಕಸ ಸಿಕ್ಕಿರಬೇಕೆಂದು ನನ್ನ ಗಂಡ ಸುಧಾಕರ ಬಾವಿಗಿಳಿದರು. ಬಿ.ಸಿ.ರೋಡಿನಲ್ಲಿ ಅವರದು ಚಿಕ್ಕ ಹೋಟೆಲು. ಭಾನುವಾರ ಮಾತ್ರ ರಜೆ. ಬೇಸಿಗೆಯಲ್ಲಿ ಬಾವಿಗಿಳಿಯುವುದು ಅವರಿಗೆ ಹೊಸತಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ, ಅದನ್ನು ರಾಟೆಯ ಮೇಲಿಂದ ಹಾಯಿಸಿ, ತುದಿಯನ್ನು ತೆಂಗಿನ ಮರಕ್ಕೆ ಸುತ್ತಿ ನನ್ನ ಕೈಗೆ ಕೊಟ್ಟರು. ಬಾವಿಯ ಗೋಡೆಯಲ್ಲಿ ಕಡಿದ ಮೆಟ್ಟುಗಳಲ್ಲಿ ಕಾಲಿಡುತ್ತ ಕೆಳಗೆ ಹೋದರು.

ಸ್ವಲ್ಪ ಹೊತ್ತಿನಲ್ಲಿ ದೊಡ್ಡ ಲಾರಿ ಬಂದ ಹಾಗೆ ಸದ್ದು ಕೇಳಿತು. ರಸ್ತೆಯ ಕಡೆ ನೋಡಿದೆ. ಲಾರಿ ಇರಲಿಲ್ಲ. ಸದ್ದು ಹೆಚ್ಚಾಯಿತು. ಅದು ಬರುತ್ತಿದ್ದದ್ದು ನನ್ನ ಕಾಲಿನ ಅಡಿಯಿಂದ! ಪಾದ ಜುಂ ಎಂದಿತು. ಮಾಡಿನಿಂದ ಒಂದು ಹೆಂಚು ಜಾರಿ ಬಿತ್ತು. ರಾಟೆ ತನ್ನಷ್ಟಕ್ಕೆ ಅಲುಗಾಡತೊಡಗಿತು. ಬಾವಿಗೆ ಬಗ್ಗಿದರೆ ಕೆಳಗಿನ ನೀರು ಕುದಿಯುವ ಗಂಜಿಯ ಹಾಗೆ ತುಳುಕುತ್ತಿತ್ತು. ನೋಡುತ್ತಿದ್ದಂತೆ ಎದುರಿನ ಗೋಡೆಯ ಮುರಕಲ್ಲುಗಳು ಒಮ್ಮೆಲೇ ಕಳಚಿ ಕೆಳಗೆ ಬಿದ್ದವು. ಕೆಂಪು ಧೂಳು ಮೇಲೆದ್ದಿತು. ಏನೂ ಕಾಣಿಸಲಿಲ್ಲ.

"ಓಯ್, ಕೇಳ್ತದಾ? ಮಾತಾಡಿ!" ಎಂದು ಕಿರುಚಿದೆ. ಕಲ್ಲು ನೀರಿಗೆ ಬೀಳುವ ಸದ್ದು ಮಾತ್ರ ಕೇಳಿತು. ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ.

ಪಕ್ಕದ ಮನೆಯ ಜೊಹರಾ ಓಡಿ ಬಂದಳು. ಅವಳ ಗಂಡ ದುಬೈಯಲ್ಲಿದ್ದಾನೆ. ಇಬ್ಬರು ಸಣ್ಣ ಮಕ್ಕಳೊಂದಿಗೆ ಇಲ್ಲಿ ಅವಳೊಬ್ಬಳೇ.

"ಟೀಚರಕ್ಕ, ಎಂತ ಅದು? ಪಾತ್ರೆ ಎಲ್ಲ ಬಿತ್ತು!"

"ಇವರು ಒಳಗಿದ್ದಾರೆ ಜೊಹರಾ" ಎಂದಷ್ಟೇ ನನ್ನ ಬಾಯಿಂದ ಬಂತು.

ಆಗ ಕೆಳಗಿನಿಂದ ಕೆಮ್ಮು ಕೇಳಿತು. "ನಾನಿದ್ದೇನೆ... ಭುಜಕ್ಕೆ ಕಲ್ಲು ಬಿತ್ತು. ಕೈ ಎತ್ಲಿಕ್ಕೆ ಆಗುದಿಲ್ಲ. ಹಗ್ಗ ಎಳಿ!" ಗೋಡೆಯಲ್ಲಿ ಹಿಂದೆ ಮಣ್ಣು ಕೊರೆದುಹೋದ ಒಂದು ಪೊಟರೆಗೆ ಅವರು ಮೈ ಒತ್ತಿಕೊಂಡಿದ್ದರಂತೆ. ಅದೇ ಅವರ ತಲೆ ಉಳಿಸಿತ್ತು.

ಇಂಥ ಕಂಪನದ ಹಿಂದೆಯೇ ಇನ್ನೊಂದು ಬರಬಹುದು ಎಂದು ನನಗೆ ಗೊತ್ತಿತ್ತು. ಜೊಹರಾಳಿಗೆ ಹೇಳಿಯೇ ಬಿಟ್ಟೆ. "ಇದು ಇನ್ನೊಮ್ಮೆ ಬರ್ಬಹುದು. ನೀನು ದೂರ ಹೋಗು. ನಿನಗೆ ಮಕ್ಕಳುಂಟು."

"ಮಕ್ಕಳನ್ನು ಗದ್ದೆಯಲ್ಲಿ ನಿಲ್ಲಿಸಿ ಬಂದಿದ್ದೇನೆ. ನೀವು ಎಳೀರಿ ಅಕ್ಕ" ಎನ್ನುತ್ತ ಅವಳು ತಲೆಯ ಶಾಲನ್ನು ಬಿಚ್ಚಿ ಅಂಗೈಗೆ ಸುತ್ತಿಕೊಂಡಳು.

ನಾನು ಬಾವಿಕಟ್ಟೆಗೆ ಕಾಲು ಕೊಟ್ಟು ಎಳೆದೆ. ಎಳೆದಷ್ಟು ಹಗ್ಗವನ್ನು ಅವಳು ತೆಂಗಿನ ಮರಕ್ಕೆ ಬಿಗಿದು ಹಿಡಿದಳು. ಅವರು ಸಿಕ್ಕಿದ ಮೆಟ್ಟಿನಲ್ಲಿ ಕಾಲೂರುತ್ತ ಬಂದರು. ಅರ್ಧದಲ್ಲಿ ಮೆಟ್ಟುಗಳೇ ಇರಲಿಲ್ಲ, ಗೋಡೆಯ ಜೊತೆ ಹೋಗಿದ್ದವು. ಅಲ್ಲಿ ಅವರ ಇಡೀ ಭಾರ ನಮ್ಮಿಬ್ಬರ ಕೈಯಲ್ಲಿ. "ಬಿಡ್ಬೇಡಿ ಅಕ್ಕ, ಬಿಡ್ಬೇಡಿ" ಎಂದು ಜೊಹರಾ ಹೇಳುತ್ತಲೇ ಇದ್ದಳು. ಕೊನೆಗೆ ಕಟ್ಟೆಯ ಮೇಲೆ ಅವರ ತಲೆ ಕಂಡಿತು. ಮೈಯೆಲ್ಲ ಕೆಸರು, ಭುಜದಿಂದ ರಕ್ತ. ಇಬ್ಬರೂ ಸೇರಿ ಅಂಗಿ ಹಿಡಿದೆಳೆದು ಅಂಗಳದವರೆಗೆ ತಂದೆವು.

ಕುಳಿತು ಉಸಿರು ಬಿಡುವಷ್ಟರಲ್ಲಿ ಎರಡನೇ ಸಲ ನೆಲ ಗುಡುಗಿತು. ಮೊದಲಿನಷ್ಟು ಜೋರಿರಲಿಲ್ಲ. ಆದರೆ ನಾನು ಆಗಷ್ಟೇ ಕಾಲು ಕೊಟ್ಟಿದ್ದ ಕಟ್ಟೆ ನಮ್ಮ ಕಣ್ಣೆದುರೇ ರಾಟೆಯ ಕಂಬದ ಸಮೇತ ಬಾವಿಯೊಳಗೆ ಹೋಯಿತು. ಮೂವರೂ ಅದನ್ನೇ ನೋಡುತ್ತ ಕುಳಿತೆವು. ಗದ್ದೆಯಿಂದ ಮಕ್ಕಳು "ಉಮ್ಮಾ" ಎಂದು ಕೂಗಿದಾಗಲೇ ಜೊಹರಾ ಅಳಲು ಶುರು ಮಾಡಿದ್ದು. ಅವಳ ಅಂಗೈಯ ಚರ್ಮ ಶಾಲಿಗೆ ಅಂಟಿಕೊಂಡಿತ್ತು.

ಮರುದಿನ ಪೇಪರಿನಲ್ಲಿ ಸಣ್ಣ ಸುದ್ದಿ ಬಂತು: ಲಘು ಕಂಪನ, ಭಯಪಡುವ ಅಗತ್ಯವಿಲ್ಲ. ಇವರು ಎಲುಬು ಮುರಿದ ಭುಜಕ್ಕೆ ಪಟ್ಟಿ ಹಾಕಿಕೊಂಡು ಅದನ್ನು ಓದಿ, "ಲಘು ಅಂತೆ ಮಾರಾಯ್ತಿ" ಎಂದರು.

ಶಾಲೆಯಲ್ಲಿ ಮಕ್ಕಳೆಲ್ಲರದೂ ಒಂದೇ ಪ್ರಶ್ನೆ. ಫಲಕದ ಅಂಚು ಅಷ್ಟು ದೂರ ಇರುವಾಗ ಇಲ್ಲಿ ಯಾಕೆ? ಅಂಚಿನಲ್ಲಿ ಬೀಳುವ ಒತ್ತಡ ಒಳಗಿನವರೆಗೂ ಬರುತ್ತದೆ, ಆಳದಲ್ಲಿರುವ ಹಳೆಯ ಬಿರುಕುಗಳು ಯಾವತ್ತಾದರೂ ಒಮ್ಮೆ ಜಾರುತ್ತವೆ ಎಂದು ವಿವರಿಸಿದೆ.

ಈಗ ಬಾವಿಗೆ ಹೊಸ ಕಟ್ಟೆ ಬಂದಿದೆ. ಭುಜವೂ ಸರಿಯಾಗಿದೆ. ಆದರೆ ರಸ್ತೆಯಲ್ಲಿ ಬಸ್ಸು ಹೋಗಿ ಕಿಟಕಿಯ ಗಾಜು ಗಡಗಡ ಎಂದರೆ ಇವರು ಊಟದ ಬಟ್ಟಲು ಬಿಟ್ಟು ಅಂಗಳಕ್ಕೆ ಬಂದು ನಿಲ್ಲುತ್ತಾರೆ. ನಾನೂ ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ. ಕಾಂಪೌಂಡಿನ ಆಚೆಯಿಂದ ಜೊಹರಾ, "ಬಸ್ಸು ಅಕ್ಕ, ಬಸ್ಸೇ!" ಎಂದು ಕೂಗುತ್ತಾಳೆ. ನೋಡಿದರೆ ಅವಳೂ ಮಕ್ಕಳ ಕೈ ಹಿಡಿದುಕೊಂಡು ಹೊರಗೆ ಬಂದು ನಿಂತಿರುತ್ತಾಳೆ.