ಬಾಡಿಗೆ ಸಿಪಾಯಿ

ಡಾಟ್‌ಕಾಮ್ ಕಾಲದಲ್ಲಿ, ಅಮೆರಿಕದ ಕ್ಯಾಂಪ್‌ಬೆಲ್ಲಿನ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಯಲ್ಲಿ ಮೈಸೂರಿನವರೊಬ್ಬರಿದ್ದರು. ಅವರನ್ನು ಕರೆತಂದ ಕಂಪನಿ ಸ್ಯಾನ್ ಮಟಿಯೋದ ಇನ್ನೊಂದು ಕಂಪನಿಯ ಆಫೀಸಿಗೆ ಬಾಡಿಗೆಗೆ ಬಿಟ್ಟಿತ್ತು. ಅಮೆರಿಕನ್ನರ ದಂಗೆ ಅಡಗಿಸಲು ಇಂಗ್ಲೆಂಡಿನ ದೊರೆ ಜರ್ಮನ್ ಸಿಪಾಯಿಗಳನ್ನು ಬಾಡಿಗೆಗೆ ತಂದ ಕಥೆಯನ್ನು ತಮ್ಮ ಮಗಳ ಪಠ್ಯಪುಸ್ತಕದಲ್ಲಿ ಓದಿದ ಮೇಲೆ ಅವರದು ಒಂದೇ ಮಾತು: "ನಾವು ಬಾಡಿಗೆ ಸಿಪಾಯಿಗಳು ಕಣ್ರೀ, ಯುದ್ಧ ಯಾರದ್ದೋ." ಶನಿವಾರ ಆಫೀಸಿಗೆ ಹೊರಟಾಗಲೂ ಅದೇ, ಹೆಂಡತಿ ಪಾತ್ರೆ ತೊಳೆಯಲು ಹೇಳಿದಾಗಲೂ ಅದೇ.

ಜುಲೈ ನಾಲ್ಕರಂದು, ಅಮೆರಿಕದ ಸ್ವಾತಂತ್ರ್ಯ ದಿನ, ಬಡಾವಣೆಯವರು ಪಾರ್ಕಿನಲ್ಲಿ ಆ ಯುದ್ಧದ ನಾಟಕ ಆಡಿದರು. ಸಾಯುವ ಜರ್ಮನ್ನನ ಪಾತ್ರ ಯಾರಿಗೂ ಬೇಡವಾಗಿತ್ತು, ಇವರು ಒಪ್ಪಿಕೊಂಡರು. ಎದುರಿನವನು ಮರದ ಕೋವಿ ಎತ್ತಿ ಢಂ ಎಂದ. ಇವರು ಬೀಳಲಿಲ್ಲ. ತಮ್ಮ ಕೋವಿಯನ್ನು ಹುಲ್ಲಿನ ಮೇಲಿಟ್ಟು, ಅಂಟಿಸಿದ್ದ ಮೀಸೆ ಕಿತ್ತು ಜೇಬಿಗೆ ಹಾಕಿಕೊಂಡು, ಶತ್ರುಪಾಳಯದ ಹಿಂದೆ ಸುಟ್ಟ ಜೋಳ ಕೊಡುತ್ತಿದ್ದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರು.

"ನೀವು ಸಾಯ್ಬೇಕಿತ್ತಲ್ರೀ!" ಎಂದೆ.

ಅವರ ಕಾಂಟ್ರ್ಯಾಕ್ಟು ಮುಗಿದು ಆಗ ಒಂದು ವಾರವಾಗಿತ್ತು. ಕಂಪನಿ ಊರಿಗೆ ವಾಪಸ್ ಹೊರಡಲು ಹೇಳಿತ್ತು.

"ಆ ಜರ್ಮನ್ನರು ಎಲ್ರೂ ಎಲ್ಲಿ ಸತ್ರು? ಎಷ್ಟೋ ಜನ ಓಡಿಹೋಗಿ ಇಲ್ಲೇ ಸೆಟ್ಲಾಗಿಬಿಟ್ರಂತೆ," ಎಂದರು ಜೋಳ ಕಚ್ಚುತ್ತ. "ಯಾವ ವೀಸಾ ಮೇಲೆ ಅಂತ ಮಾತ್ರ ಮಗಳ ಪುಸ್ತಕದಲ್ಲಿ ಬರೆದಿಲ್ಲ ನೋಡಿ."